ವಿಟಮಿನ್, ಐರನ್, ಕ್ಯಾಲ್ಸಿಯಂ: ಒಂದೇ ಮಾತ್ರೆಯಲ್ಲಿ ಎಲ್ಲಾ ಇರಬೇಕಾ, ಬೇರೆ ಬೇರೆ ತಗೋಬೇಕಾ?

ಮೊದಲು ನನ್ನ ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಯಾವುದು ಕಡಿಮೆ ಇದೆ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಅದನ್ನೇ ಬೇರೆಯಾಗಿ, ಸರಿಯಾದ ಪ್ರಮಾಣದಲ್ಲಿ, ಎಷ್ಟು ದಿನ ಅಂತ ಲೆಕ್ಕ ಇಟ್ಟುಕೊಂಡು ತಗೊಳ್ಳಿ. ಊಟವೇ ಸರಿಯಾಗಿ ಸೇರುತ್ತಿಲ್ಲ, ಎಲ್ಲವೂ ಸ್ವಲ್ಪ ಸ್ವಲ್ಪ ಕಮ್ಮಿ ಆಗಿರಬಹುದು ಅನ್ನುವಂಥ ಸಮಯಕ್ಕೆ ಎಲ್ಲಾ ಸೇರಿಸಿದ ಮಾತ್ರೆ, ಅಂದರೆ ಮಲ್ಟಿವಿಟಮಿನ್, ಆಗುತ್ತದೆ. ಕೇಳದೆ, ನೋಡದೆ ಎರಡನ್ನೂ ಒಟ್ಟಿಗೆ ನುಂಗುವುದು ಬೇಡ.

ನಾನು ಫಾರ್ಮಸಿ ಓದಿದವಳು. ಹಾಸನ ಜಿಲ್ಲೆಯ ಒಂದು ಚಿಕ್ಕ ಊರಿನಲ್ಲಿ ಮೆಡಿಕಲ್ ಶಾಪ್ ಇದೆ ನಮ್ಮದು. ಸಂಜೆ ಹೊತ್ತು ಬರುವವರಲ್ಲಿ ಜಾಸ್ತಿ ಜನ ಹೇಳುವುದು ಒಂದೇ ಮಾತು: "ಸುಸ್ತು ಮೇಡಂ, ಮೈಕೈ ಎಲ್ಲಾ ನೋವು, ಒಂದು ಒಳ್ಳೆ ಶಕ್ತಿ ಮಾತ್ರೆ ಕೊಡಿ." ಕೆಲವರು ಖಾಲಿಯಾದ ಶೀಟ್ ಹಿಡಿದುಕೊಂಡು ಬರುತ್ತಾರೆ, ಕೆಲವರು ಮೊಬೈಲಿನಲ್ಲಿ ಯಾರೋ ಕಳಿಸಿದ ಫೋಟೋ ತೋರಿಸುತ್ತಾರೆ. ಕೇಳಿದ್ದನ್ನು ಕೊಟ್ಟು ಕಳಿಸಿದರೆ ನನ್ನ ವ್ಯಾಪಾರಕ್ಕೇನೂ ನಷ್ಟವಿಲ್ಲ. ಆದರೆ ಅದೇ ಸುಸ್ತು ಮೂರು ತಿಂಗಳಾದ ಮೇಲೆ ಮತ್ತೆ ನನ್ನ ಮುಂದೆ ಬಂದು ನಿಲ್ಲುತ್ತದೆ, ಅದನ್ನು ನೋಡೋಕಾಗಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸುಸ್ತಿಗೆ ನಮ್ಮ ಕಡೆ ಹೆಂಗಸರಲ್ಲಿ ಮೊದಲ ಕಾರಣ ರಕ್ತ ಕಡಿಮೆ ಇರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡ ಜನರಿಗೆ ರಕ್ತಹೀನತೆ ಇದೆ. ಅರ್ಧಕ್ಕಿಂತ ಹೆಚ್ಚು. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್ ಪ್ರಮಾಣ) ಎಂಟೋ ಒಂಬತ್ತೋ ಇರುವ ಹೆಣ್ಣುಮಗಳು ಬಂದು ಮಲ್ಟಿವಿಟಮಿನ್ ಕೇಳುತ್ತಾಳೆ ಅಂದುಕೊಳ್ಳಿ. ಆ ಮಾತ್ರೆಯ ಹಿಂದೆ ಸಣ್ಣ ಅಕ್ಷರದಲ್ಲಿ ಇಪ್ಪತ್ತು ಹೆಸರುಗಳಿರುತ್ತವೆ. ಐರನ್ ಇದ್ದರೆ ಸ್ವಲ್ಪ ಇರುತ್ತದೆ. ಎಷ್ಟೋ ಮಾತ್ರೆಗಳಲ್ಲಿ ಇರುವುದೇ ಇಲ್ಲ, ಯಾಕೆಂದರೆ ಐರನ್ ಸೇರಿಸಿದರೆ ಹೊಟ್ಟೆ ಕೆಡುತ್ತದೆ, ಮಲ ಕಪ್ಪಾಗುತ್ತದೆ, ಜನ ಎರಡನೇ ಸಲ ಕೊಳ್ಳುವುದಿಲ್ಲ. ಅವಳಿಗೆ ಬೇಕಾಗಿರುವುದು ದಿನಕ್ಕೆ 60ರಿಂದ 100 ಮಿಲಿಗ್ರಾಂ ಐರನ್. ಸಿಗುತ್ತಿರುವುದು ಇಪ್ಪತ್ತು ಹೆಸರುಗಳ ಪಟ್ಟಿ. ತಿಂಗಳಾನುಗಟ್ಟಲೆ ನುಂಗಿದರೂ ಎಚ್‌ಬಿ ಏರುವುದಿಲ್ಲ, ಅವಳು ಮಾತ್ರ ಔಷಧಿ ತಗೋತಾ ಇದೀನಲ್ಲ ಅಂತ ಸಮಾಧಾನದಲ್ಲಿ ಇರುತ್ತಾಳೆ. ನನ್ನನ್ನು ಕೇಳಿದರೆ ಎಲ್ಲಾ ಸೇರಿಸಿದ ಮಾತ್ರೆಯಿಂದ ಆಗುವ ದೊಡ್ಡ ತೊಂದರೆ ಈ ಸಮಾಧಾನವೇ.

ಎಲ್ಲವನ್ನೂ ಒಂದೇ ಮಾತ್ರೆಯಲ್ಲಿ ಬೇಕಾದಷ್ಟು ಹಾಕಬಹುದಲ್ವಾ ಅಂತ ಕೇಳುವವರಿದ್ದಾರೆ. ಜಾಗ ಸಾಲುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ನೋಡಿದ್ದೀರಲ್ಲ, ಎಷ್ಟು ದಪ್ಪ ಇರುತ್ತದೆ! ಲೇಬಲ್ ಓದಿ: ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ, ಅದರಿಂದ ಸಿಗುವ ಕ್ಯಾಲ್ಸಿಯಂ 500 ಮಿಲಿಗ್ರಾಂ. ಅಂದರೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡೋಕೆ ಒಂದೂಕಾಲು ಗ್ರಾಂ ಪುಡಿಯನ್ನು ಒತ್ತಿ ಮಾತ್ರೆ ಮಾಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅದನ್ನು ಪೂರ್ತಿ ಒಂದು ಮಲ್ಟಿವಿಟಮಿನ್‌ನಲ್ಲಿ ತುಂಬಿದರೆ ಯಾರ ಗಂಟಲಲ್ಲೂ ಇಳಿಯದು. ಹಾಗಾಗಿ "ಕ್ಯಾಲ್ಸಿಯಂ ಇದೆ" ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಹೆಸರಿಗಷ್ಟೇ. ಹೆಸರಿಗಿರುವ ಅಷ್ಟು ಚೂರು ಕ್ಯಾಲ್ಸಿಯಂ ಬೇಕಿದ್ದರೆ ಒಂದು ರಾಗಿ ಮುದ್ದೆ ತಿಂದರೂ ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಊಟದಲ್ಲಿ ದಿನಾ ಇರುವ ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ.

ವಿಟಮಿನ್ ಡಿ ಲೆಕ್ಕವೂ ಹೀಗೇ. ಟೆಸ್ಟಿನಲ್ಲಿ ತೀರಾ ಕಡಿಮೆ ಬಂದರೆ ಡಾಕ್ಟರು ವಾರಕ್ಕೊಂದು 60,000 ಐಯು (ವಿಟಮಿನ್ ಅಳೆಯುವ ಮಾನ) ಸ್ಯಾಶೆ, ಅಂದರೆ ಪುಡಿ ಪೊಟ್ಟಣ, ಅಥವಾ ಕ್ಯಾಪ್ಸೂಲ್ ಬರೆಯುತ್ತಾರೆ, ಸಾಮಾನ್ಯವಾಗಿ ಎಂಟು ವಾರ. ಮಲ್ಟಿವಿಟಮಿನ್‌ನಲ್ಲಿ 400 ಐಯು ಇದೆ ಅಂತ ಇಟ್ಟುಕೊಳ್ಳಿ. ಒಂದು ಸ್ಯಾಶೆಗೆ ಸಮ ಆಗಬೇಕಾದರೆ ಅಂಥ 150 ಮಾತ್ರೆ ಬೇಕು. ಬಿ12 ಇನ್ನೂ ವಿಚಿತ್ರ. ನಮ್ಮ ಕರುಳು ಒಂದು ಸಲಕ್ಕೆ ಸರಿಯಾದ ದಾರಿಯಲ್ಲಿ ಒಳಗೆ ತಗೊಳ್ಳುವುದು ಎರಡು ಮೈಕ್ರೋಗ್ರಾಂ ಆಸುಪಾಸು ಮಾತ್ರ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಹಾಗೇ ಸೋರಿ ಒಳಗೆ ಹೋಗುತ್ತದೆ. ಅದಕ್ಕೇ ಕೊರತೆ ಇದ್ದವರಿಗೆ 1000 ಮೈಕ್ರೋಗ್ರಾಂ ಮಾತ್ರೆ ಕೊಡುವುದು. ಅಷ್ಟು ನುಂಗಿದರೆ ಹತ್ತು ಹನ್ನೆರಡು ಮೈಕ್ರೋಗ್ರಾಂ ರಕ್ತಕ್ಕೆ ಸೇರುತ್ತದೆ. ಕೆಲವೇ ಮೈಕ್ರೋಗ್ರಾಂ ಬಿ12 ಇರುವ ಮಲ್ಟಿವಿಟಮಿನ್ ಚೆನ್ನಾಗಿರುವವರನ್ನು ಚೆನ್ನಾಗಿ ಇಡಬಹುದು, ಆದರೆ ಖಾಲಿಯಾಗಿರುವವರನ್ನು ತುಂಬಿಸಲು ಅದರ ಕೈಲಿ ಆಗಲ್ಲ. ಮಾಂಸ, ಮೊಟ್ಟೆ ತಿನ್ನದವರು, ಹಾಲು ಮೊಸರೂ ಕಡಿಮೆ ಇರುವವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿರುವವರು ಬಿ12 ಟೆಸ್ಟ್ ಒಂದು ಸಲ ಮಾಡಿಸಿಕೊಳ್ಳಲೇಬೇಕು. ಮೆಟ್‌ಫಾರ್ಮಿನ್ ಬಿ12 ಕಡಿಮೆ ಮಾಡುತ್ತದೆ, ಇದು ಚೆನ್ನಾಗಿ ಗೊತ್ತಿರುವ ವಿಷಯ. ಕಾಲು ಜೋಮು ಹಿಡಿಯುವುದು ಶುಗರ್‌ನಿಂದಲೂ ಬರುತ್ತದೆ, ಬಿ12 ಇಲ್ಲದೆಯೂ ಬರುತ್ತದೆ. ಎಲ್ಲವನ್ನೂ ಶುಗರ್ ತಲೆಗೆ ಕಟ್ಟಿ ಸುಮ್ನೆ ಕೂತರೆ ನರಕ್ಕೆ ಆದ ಪೆಟ್ಟು ವಾಪಸ್ ಸರಿ ಹೋಗದೇ ಇರಬಹುದು.

ಇಲ್ಲಿ ರಕ್ತಕ್ಕೆ ಬೇಕಾದ ಇನ್ನೊಂದು ಬಿ ವಿಟಮಿನ್ ಆದ ಫೋಲಿಕ್ ಆ್ಯಸಿಡ್ ಬಗ್ಗೆಯೂ ಒಂದು ಮಾತು. ಬಿ12 ಕೊರತೆ ಇರುವವರಿಗೆ ಫೋಲಿಕ್ ಆ್ಯಸಿಡ್ ಮಾತ್ರ ಜಾಸ್ತಿ ಕೊಟ್ಟರೆ ರಕ್ತದ ರಿಪೋರ್ಟ್ ಚೆನ್ನಾಗಿ ಕಾಣಿಸತೊಡಗುತ್ತದೆ, ಒಳಗೆ ನರಗಳಿಗೆ ಹಾನಿ ಆಗುತ್ತಲೇ ಇರುತ್ತದೆ. ಇಂಥ ಕಡೆ ಎರಡೂ ಜೊತೆಗಿರುವುದು ಒಳ್ಳೆಯದು. ಎಲ್ಲಾ ಕಡೆ ಬೇರೆ ಬೇರೆಯೇ ಸರಿ ಅಂತ ನಾನು ಹೇಳುತ್ತಿಲ್ಲ ಅನ್ನುವುದಕ್ಕೆ ಇದನ್ನು ಬರೆದೆ.

ಈಗ ಐರನ್ ಮತ್ತು ಕ್ಯಾಲ್ಸಿಯಂ ಜಗಳಕ್ಕೆ ಬರೋಣ. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದರೆ ಕ್ಯಾಲ್ಸಿಯಂ ಐರನ್ನಿಗೆ ಅಡ್ಡ ಬರುತ್ತದೆ. ಸರ್ಕಾರಿ ಆಸ್ಪತ್ರೆಗೆ ಹೋಗುವ ಬಸುರಿಯರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ದಿನಾ ಒಂದು ಕೆಂಪು ಐರನ್ ಮಾತ್ರೆ, ಅದರಲ್ಲಿ 60 ಮಿಲಿಗ್ರಾಂ ಐರನ್, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್. 180 ದಿನ ತಗೋಬೇಕು. ಕ್ಯಾಲ್ಸಿಯಂ ಬೇರೆ: 500 ಮಿಲಿಗ್ರಾಂ, ಜೊತೆಗೆ 250 ಐಯು ವಿಟಮಿನ್ ಡಿ3, ದಿನಕ್ಕೆ ಎರಡು ಸಲ ಊಟ ಆದ ಮೇಲೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಹೇಳುವ ಮೊದಲ ಮಾತೇ "ಎರಡನ್ನೂ ಒಟ್ಟಿಗೆ ತಗೋಬೇಡಮ್ಮ, ಎರಡು ಗಂಟೆ ಬಿಡು" ಅಂತ. ದೇಶದ ಕೋಟ್ಯಂತರ ಹೆಂಗಸರಿಗೆ ಕೊಡುವ ಮಾತ್ರೆಯನ್ನು ಒಂದೇ ಮಾಡಿದ್ದರೆ ಖರ್ಚೂ ಉಳಿಯುತ್ತಿತ್ತು, ಹಂಚುವ ಕೆಲಸವೂ ಹಗುರ ಆಗುತ್ತಿತ್ತು. ಆದರೂ ಬೇರೆಯೇ ಇಟ್ಟಿದ್ದಾರೆ. ಬೇರೆ ಮಾತ್ರೆ ಯಾಕೆ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ಆ ಕೆಂಪು ಮಾತ್ರೆಯೂ ಒಂದು ಜೋಡಿಯೇ ನೋಡಿ. ಐರನ್ ಜೊತೆ ಫೋಲಿಕ್ ಆ್ಯಸಿಡ್, ಕ್ಯಾಲ್ಸಿಯಂ ಜೊತೆ ಡಿ. ಈ ಜೋಡಿಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ, ಒಂದೇ ಕೆಲಸಕ್ಕೆ ಬೇಕಾದವು, ಪ್ರಮಾಣವೂ ಕಣ್ಣಿಗೆ ಕಾಣುವ ಹಾಗೆ ಬರೆದಿರುತ್ತದೆ. ಎರಡು ಮೂರು ವಸ್ತುಗಳನ್ನು ಕಾರಣ ಇಟ್ಟುಕೊಂಡು ಸೇರಿಸುವುದು ಬೇರೆ, ಇಪ್ಪತ್ತೈದನ್ನು ಡಬ್ಬಿ ಮೇಲೆ ಚೆನ್ನಾಗಿ ಕಾಣಲಿ ಅಂತ ಸೇರಿಸುವುದು ಬೇರೆ. ಇದಕ್ಕೆ ನಾನು ಕಂಡ ಅತಿ ಒಳ್ಳೆಯ ಉದಾಹರಣೆ ಕಣ್ಣಿನದು. ವಯಸ್ಸಾದವರಿಗೆ ಅಕ್ಷಿಪಟಲದ ನಡುಭಾಗ ಸವೆದು ನೋಟ ಮಸುಕಾಗುವ ಒಂದು ಕಾಯಿಲೆ ಇದೆ. ಅದು ಜೋರಾಗುವುದನ್ನು ತಡೆಯಲು ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆ ದೊಡ್ಡ ಅಧ್ಯಯನ ನಡೆಸಿ 2001ರಲ್ಲಿ ಒಂದು ಮಿಶ್ರಣ ಕೊಟ್ಟಿತು: ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್ (ಗಜ್ಜರಿಯಲ್ಲಿ ಇರುವಂಥದ್ದು) ಮತ್ತು 80 ಮಿಲಿಗ್ರಾಂ ಜಿಂಕ್. ಅಷ್ಟು ಜಿಂಕ್ ದಿನಾ ತಿಂದರೆ ದೇಹದಲ್ಲಿ ತಾಮ್ರ ಕಡಿಮೆ ಆಗುತ್ತದೆ ಅಂತ ಮೊದಲೇ ಗೊತ್ತಿದ್ದರಿಂದ ಎರಡು ಮಿಲಿಗ್ರಾಂ ತಾಮ್ರವನ್ನೂ ಹಾಕಿದ್ದರು. ಆಮೇಲೆ 2013ರಲ್ಲಿ ಎರಡನೇ ಅಧ್ಯಯನದ ಫಲಿತಾಂಶ ಬಂತು, ಬೀಟಾ ಕ್ಯಾರೊಟಿನ್ ತೆಗೆದು ಅದರ ಜಾಗಕ್ಕೆ ಸೊಪ್ಪಿನಲ್ಲಿರುವ ಲ್ಯುಟೀನ್, ಝಿಯಾಕ್ಸಾಂಥಿನ್ ಅನ್ನುವ ವಸ್ತುಗಳನ್ನು ಹಾಕುವುದು ಮೇಲು ಅಂತಾಯಿತು. ಒಂದೊಂದು ವಸ್ತು ಯಾಕಿದೆ ಅಂತ ಕೇಳಿದರೆ ಉತ್ತರ ಇದೆ. ಮಿಶ್ರಣ ಅಂದರೆ ಹೀಗಿರಬೇಕು. ಆದರೆ ಅದೂ ಆ ಕಾಯಿಲೆ ಒಂದು ಹಂತಕ್ಕೆ ಬಂದವರಿಗೆ ಮಾತ್ರ. ಕಣ್ಣು ಚೆನ್ನಾಗಿರುವವರು ತಿನ್ನುವುದಲ್ಲ.

ಬೀಟಾ ಕ್ಯಾರೊಟಿನ್ ಯಾಕೆ ತೆಗೆದರು? ಫಿನ್‌ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂದಿತ್ತು. ಬೀಟಾ ಕ್ಯಾರೊಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡ 18ರಷ್ಟು ಜಾಸ್ತಿ ಆಗಿತ್ತು. ನಮ್ಮ ಅಂಗಡಿಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಅಂತ ಮಾರುವ ಕ್ಯಾಪ್ಸೂಲ್‌ಗಳ ಹಿಂದೆ ಇವತ್ತಿಗೂ ಬೀಟಾ ಕ್ಯಾರೊಟಿನ್ ಅಂತ ಇರುತ್ತದೆ. ಸೇದುವವರು ಮನೆಯಲ್ಲಿದ್ದರೆ ದಯವಿಟ್ಟು ಅದನ್ನು ಓದಿ ನೋಡಿ. ಒಂದು ಗಜ್ಜರಿ ತಿಂದರೆ ಏನೂ ಆಗಲ್ಲ, ಮಾತ್ರೆಯ ಪ್ರಮಾಣ ಬೇರೆ.

ನಮ್ಮ ಅತ್ತೆಯ ವಿಷಯ ಹೇಳುತ್ತೇನೆ, ಏಕೆಂದರೆ ಈ ಇಡೀ ಪ್ರಶ್ನೆ ಕೊನೆಗೆ ಒಂದು ಅಡುಗೆಮನೆಯ ಗಡಿಯಾರಕ್ಕೆ ಬಂದು ನಿಲ್ಲುತ್ತದೆ. ಅತ್ತೆಗೆ ಥೈರಾಯ್ಡ್ ಇದೆ, ಎಚ್‌ಬಿ ಕಡಿಮೆ, ಮೂಳೆ ಸವೆತ ಶುರುವಾಗಿದೆ, ಡಿ ಕಡಿಮೆ. ಬೆಳಿಗ್ಗೆ ಎದ್ದು ಎಲ್ಲಾ ಮಾತ್ರೆಗಳನ್ನೂ ಅಂಗೈಯಲ್ಲಿ ಹಾಕಿಕೊಂಡು ಕಾಫಿ ಜೊತೆ ನುಂಗುವುದು ಅವರ ಅಭ್ಯಾಸ. "ಎಲ್ಲಾ ಹೋಗೋದು ಒಂದೇ ಹೊಟ್ಟೆಗೆ ತಾನೇ" ಅನ್ನುತ್ತಿದ್ದರು. ಥೈರಾಯ್ಡ್ ಮಾತ್ರೆಯ ಪ್ರಮಾಣ ಏರಿಸಿದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದರೆ ರಕ್ತ ಪರೀಕ್ಷೆಯಲ್ಲಿ ಏರಿ ಕಾಣುವ ಸಂಖ್ಯೆ) ಇಳಿಯುತ್ತಿರಲಿಲ್ಲ. ಇಳಿಯುವುದಾದರೂ ಹೇಗೆ? ಐರನ್ನೂ ಕ್ಯಾಲ್ಸಿಯಮ್ಮೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತವೆ, ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಾಫಿಯೂ ಅದಕ್ಕೆ ಅಡ್ಡಿ, ಐರನ್ನಿಗೂ ಅಡ್ಡಿ. ಥೈರಾಯ್ಡ್ ಮಾತ್ರೆಗೂ ಐರನ್, ಕ್ಯಾಲ್ಸಿಯಂ ಮಾತ್ರೆಗಳಿಗೂ ನಡುವೆ ನಾಲ್ಕು ಗಂಟೆ ಅಂತರ ಬೇಕು ಅಂತ ಹೇಳುವುದು ಇದಕ್ಕೇ.

ಈಗ ಅವರ ದಿನ ಹೀಗಿದೆ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ನೀರು ಮಾತ್ರ. ಕಾಫಿ ಏಳು ಗಂಟೆಗೆ. ಕಾಯುವುದು ಅವರಿಗೆ ಕಷ್ಟ, ಆದರೂ ಕಾಯುತ್ತಾರೆ. ಎಂಟಕ್ಕೆ ತಿಂಡಿ. ಹನ್ನೊಂದಕ್ಕೆ ಐರನ್, ಒಂದು ಲೋಟ ನಿಂಬೆಹಣ್ಣಿನ ನೀರಿನ ಜೊತೆ. ಮಧ್ಯಾಹ್ನ ಒಂದೂವರೆಗೆ ಊಟ, ಆದ ಮೇಲೆ ಒಂದು ಕ್ಯಾಲ್ಸಿಯಂ. ರಾತ್ರಿ ಊಟ ಆದ ಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕೊಡದೇ ಇರುವುದಕ್ಕೆ ಕಾರಣ, ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ಹಾಕಿದರೆ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಡಿ ಸ್ಯಾಶೆ ಭಾನುವಾರ ಮಧ್ಯಾಹ್ನದ ಊಟದ ಜೊತೆ, ಅನ್ನಕ್ಕೆ ತುಪ್ಪ ಹಾಕಿಕೊಂಡ ದಿನ, ಯಾಕೆಂದರೆ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಇದನ್ನೆಲ್ಲಾ ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಮುಂದಿನ ಟೆಸ್ಟಿನಲ್ಲಿ ಟಿಎಸ್‌ಎಚ್ ಇಳಿದಿತ್ತು, ಥೈರಾಯ್ಡ್ ಮಾತ್ರೆಯ ಪ್ರಮಾಣ ಮತ್ತೆ ಏರಿಸಬೇಕಾಗಲಿಲ್ಲ. ಇದನ್ನೆಲ್ಲಾ ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಟ್ಟರೆ ಈ ಅಂತರ ಎಲ್ಲಿಂದ ತರುವುದು ಹೇಳಿ? ಥೈರಾಯ್ಡ್ ಮಾತ್ರೆ ತಗೊಳ್ಳುವ ಎಲ್ಲರೂ ತಮ್ಮ ಮಲ್ಟಿವಿಟಮಿನ್ ಹಿಂದೆ ಐರನ್, ಕ್ಯಾಲ್ಸಿಯಂ ಇದೆಯಾ ಅಂತ ಇವತ್ತೇ ನೋಡಿ. ಇದ್ದರೆ ಅದನ್ನು ಬೆಳಗಿನಿಂದ ಮಧ್ಯಾಹ್ನಕ್ಕೋ ರಾತ್ರಿಗೋ ಸರಿಸಿ.

ಅಸಿಡಿಟಿ ಅಂತ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರು ನಮ್ಮಲ್ಲಿ ತುಂಬಾ. ಅವರಿಗೆ ಇನ್ನೊಂದು ವಿಷಯ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಆಮ್ಲವನ್ನೇ ತಡೆದರೆ ಅದು ಸರಿಯಾಗಿ ಕರಗುವುದಿಲ್ಲ. ಅಂಥವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಕೊಟ್ಟ ದುಡ್ಡು ದೇಹಕ್ಕೆ ಸೇರುತ್ತದೆ. ಬೇರೆ ಬೇರೆ ಕೊಳ್ಳುವುದರಲ್ಲಿ ಇದೊಂದು ಅನುಕೂಲ, ಯಾವ ಲವಣ (ಕಾರ್ಬೊನೇಟೋ, ಸಿಟ್ರೇಟೋ) ಅಂತ ನಾವು ಆರಿಸಬಹುದು.

ಐರನ್ನಿಗೆ ಇನ್ನೂ ಒಂದು ಅನುಕೂಲವಿದೆ. ಸ್ವಿಟ್ಜರ್ಲೆಂಡಿನ ಜೂರಿಕ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐರನ್ ಕಡಿಮೆ ಇರುವ ಯುವತಿಯರಿಗೆ ದಿನಾ ಕೊಡುವುದಕ್ಕಿಂತ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ದೇಹಕ್ಕೆ ಸೇರುವ ಪಾಲು ಜಾಸ್ತಿ ಆಯಿತು. ಒಂದು ದೊಡ್ಡ ಡೋಸ್ ಆದ ಮೇಲೆ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರುತ್ತದೆ, ಅದು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಡುತ್ತದೆ. ಹೊಟ್ಟೆ ಉರಿ, ಮಲಬದ್ಧತೆ ಅಂತ ಐರನ್ ಬಿಟ್ಟುಬಿಡುವವರಿಗೆ ಇದು ಒಳ್ಳೆಯ ದಾರಿ, ಡಾಕ್ಟರ ಹತ್ತಿರ ಕೇಳಿ ಮಾಡಬಹುದು. ಬಸುರಿಯರು ಮಾತ್ರ ತಾವೇ ಬದಲಾಯಿಸಿಕೊಳ್ಳಬಾರದು, ಅವರಿಗೆ ಹೇಳಿದ ಹಾಗೆ ದಿನಾ ತಗೋಬೇಕು. ಎಲ್ಲಾ ಸೇರಿದ ಮಾತ್ರೆಯಲ್ಲಿ ದಿನ ಬಿಟ್ಟು ದಿನ ಅನ್ನುವ ಆಯ್ಕೆಯೇ ಇಲ್ಲ. ಇನ್ನು ವಿಟಮಿನ್ ಸಿ ಮಾತ್ರೆ ಜೊತೆಗೇ ಬೇಕಾ? ಚೀನಾದಲ್ಲಿ ನಡೆದು 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಐರನ್ ಮಾತ್ರೆ ಮಾತ್ರ ತಗೊಂಡವರಿಗೂ ಜೊತೆಗೆ ಸಿ ತಗೊಂಡವರಿಗೂ ಎಚ್‌ಬಿ ಏರಿದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ಅತ್ತೆಗೆ ನಿಂಬೆ ನೀರು ಇಷ್ಟ, ಕುಡಿಯುತ್ತಾರೆ. ಅದಕ್ಕಾಗಿ ಬೇರೆ ಮಾತ್ರೆ ಕೊಳ್ಳುವ ಅಗತ್ಯ ಇಲ್ಲ.

ಬೇರೆ ಬೇರೆ ತಗೊಳ್ಳುವುದರಲ್ಲೂ ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ನನಗೆ ಹೆಚ್ಚು ಭಯ ಹುಟ್ಟಿಸುವುದು ಡಿ ಸ್ಯಾಶೆ. ವಾರಕ್ಕೊಂದು ಅಂತ ಬರೆದದ್ದನ್ನು ದಿನಕ್ಕೊಂದು ಅಂತ ತಿಳಿದುಕೊಂಡು ತಿನ್ನುವವರಿದ್ದಾರೆ. ಡಿ ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ತಲೆ ಮಂಕು, ಕೊನೆಗೆ ಕಿಡ್ನಿಗೆ ಪೆಟ್ಟು. ನಾನು ಕೊಡುವಾಗ ಪ್ರತಿ ಸ್ಯಾಶೆಯ ಮೇಲೂ ಪೆನ್ನಿನಲ್ಲಿ ತಾರೀಖು ಬರೆದುಕೊಡುತ್ತೇನೆ. ಕನ್ನಡ ಓದಲು ಬಾರದ ಅಜ್ಜಿಯಂದಿರಿಗೆ "ಸಂತೆ ದಿನ ಮಾತ್ರ" ಅಂತ ಹೇಳುತ್ತೇನೆ, ಅದು ಮರೆಯುವುದಿಲ್ಲ.

ಇನ್ನೊಂದು ಜಿಂಕ್. ಕೊರೊನಾ ಕಾಲದಲ್ಲಿ 50 ಮಿಲಿಗ್ರಾಂ ಜಿಂಕ್ ಮಾತ್ರೆ ಮನೆಮನೆಗೂ ಬಂತು. ಕೆಲವು ಮನೆಯಲ್ಲಿ ಅದು ಹೋಗಲೇ ಇಲ್ಲ. ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲಿನ ಮಿತಿ. ತಿಂಗಳುಗಟ್ಟಲೆ ಅದನ್ನು ಮೀರಿದರೆ ತಾಮ್ರ ಕಡಿಮೆಯಾಗಿ ರಕ್ತ, ನರ ಎರಡಕ್ಕೂ ತೊಂದರೆ. ಮೂರನೆಯದು ಬಿ6. "ನರದ ಮಾತ್ರೆ" ಅಂತ ಒಂದು, ಬಿ ಕಾಂಪ್ಲೆಕ್ಸ್ ಅಂತ ಒಂದು, ಮಲ್ಟಿವಿಟಮಿನ್ ಅಂತ ಇನ್ನೊಂದು. ಮೂರರಲ್ಲೂ ಬಿ6 ಇರುತ್ತದೆ, ಹೆಸರು ಪಿರಿಡಾಕ್ಸಿನ್ ಅಂತ ಬರೆದಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಬಹಳ ದಿನ ಜಾಸ್ತಿ ಬಿ6 ತಿಂದರೆ ಕೈಕಾಲು ಜೋಮು ಹಿಡಿಯುತ್ತದೆ. ಜೋಮು ಹೋಗಲಿ ಅಂತ ನುಂಗಿದ ಮಾತ್ರೆಯಿಂದಲೇ ಜೋಮು ಬಂದರೆ ಆ ಮನುಷ್ಯ ಏನು ಮಾಡುತ್ತಾನೆ? ಇನ್ನೂ ಒಂದು ನರದ ಮಾತ್ರೆ ಕೇಳುತ್ತಾನೆ. ಎರಡು ಮಾತ್ರೆ ತಗೊಳ್ಳುವವರು ಎರಡರ ಹಿಂದಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಒಂದೇ ಹೆಸರು ಎರಡು ಕಡೆ ಇದೆಯಾ ಅಂತ ನೋಡಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಪಟ್ಟಿ ಓದುವಾಗ ಒಂದು ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಮೊದಲು ಬರೆದಿರುವ ದೊಡ್ಡ ಸಂಖ್ಯೆ ಲವಣದ್ದು, ನಮಗೆ ಬೇಕಾದ್ದು ಅದರೊಳಗಿನ ಖನಿಜದ ಲೆಕ್ಕ. ಮೇಲೆ ಕ್ಯಾಲ್ಸಿಯಂ ವಿಷಯದಲ್ಲಿ ಹೇಳಿದೆನಲ್ಲ, ಐರನ್ನಿಗೂ ಹಾಗೇ: ಫೆರಸ್ ಫ್ಯೂಮರೇಟ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಐರನ್. "ಎಲಿಮೆಂಟಲ್" ಅನ್ನುವ ಪದದ ಮುಂದೆ ಇರುವ ಸಂಖ್ಯೆಯನ್ನು ನೋಡಿ. ಇನ್ನು ಬಿಕಾಸೂಲ್ ತಗೊಂಡು ಮಲ್ಟಿವಿಟಮಿನ್ ತಗೋತಿದೀನಿ ಅನ್ನುವವರು ಲೆಕ್ಕವಿಲ್ಲದಷ್ಟು. ಅದು ಬಿ ಗುಂಪು ಮತ್ತು ಸಿ. ಬಾಯಿ ಹುಣ್ಣಿಗೆ ಡಾಕ್ಟರು ಕೊಡುತ್ತಾರೆ, ಅದರಲ್ಲಿ ಐರನ್, ಕ್ಯಾಲ್ಸಿಯಂ, ಡಿ ಇಲ್ಲ. ಮೂತ್ರ ಹಳದಿ ಆಗುವುದು ಅದರೊಳಗಿನ ಬಿ2ದಿಂದ, ಭಯ ಬೇಡ.

ರಕ್ತ ತೆಳು ಮಾಡುವ ಅಸಿಟ್ರಾಮ್ ಅಥವಾ ವಾರ್ಫರಿನ್ ತಗೊಳ್ಳುವವರು ವಿಟಮಿನ್ ಕೆ ಇರುವ ಯಾವ ಮಾತ್ರೆಯನ್ನೂ ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಎರಡೂ ಕಡೆಯಿಂದ ಅಪಾಯ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುವವರು ಥೈರಾಯ್ಡ್ ಟೆಸ್ಟಿಗೆ ಹೋಗುವ ಮೊದಲು ಅದನ್ನು ಹೇಳಿ, ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಲ್ಯಾಬ್ ಯಂತ್ರಗಳು ತಪ್ಪು ಸಂಖ್ಯೆ ತೋರಿಸುತ್ತವೆ. ಹೃದಯಾಘಾತ ಆಗಿದೆಯಾ ಅಂತ ನೋಡುವ ಟ್ರೋಪೊನಿನ್ ಟೆಸ್ಟಿನಲ್ಲೂ ಹೀಗಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್ ಕೋರ್ಸ್ ನಡೆಯುವಾಗ ಐರನ್, ಕ್ಯಾಲ್ಸಿಯಂ, ಜಿಂಕ್ ಅದರ ಜೊತೆಯಲ್ಲೇ ತಗೊಂಡರೆ ಆ್ಯಂಟಿಬಯೋಟಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಕೆಲವು ದಿನ ಎಲ್ಲಾ ಸೇರಿದ ಮಾತ್ರೆಯನ್ನು ನಿಲ್ಲಿಸಿದರೆ ಏನೂ ನಷ್ಟವಿಲ್ಲ.

ಹಾಗಾದರೆ ಮಲ್ಟಿವಿಟಮಿನ್ ಯಾರಿಗೆ? ಹಲ್ಲು ಹೋಗಿ ಗಂಜಿ, ಬ್ರೆಡ್ಡಿನ ಮೇಲೆ ದಿನ ಕಳೆಯುವ ವಯಸ್ಸಾದವರಿಗೆ. ದೊಡ್ಡ ಕಾಯಿಲೆಯಿಂದ ಎದ್ದು ಬಾಯಿಗೆ ರುಚಿಯೇ ಬಾರದವರಿಗೆ. ಊಟಕ್ಕೆ ಹೊತ್ತಿಲ್ಲ ಗೊತ್ತಿಲ್ಲ ಅನ್ನುವ ಹಾಗೆ ಪಿಜಿಯಲ್ಲಿ ಬದುಕುವ ಹುಡುಗರಿಗೂ ಕೆಲವು ತಿಂಗಳು ಆಗಬಹುದು. ಇವರಿಗೆಲ್ಲ ಒಂದೊಂದನ್ನೂ ಟೆಸ್ಟ್ ಮಾಡಿಸಿ ಹುಡುಕುವುದು ದುಬಾರಿ, ಸ್ವಲ್ಪ ಸ್ವಲ್ಪ ಎಲ್ಲಾ ಸಿಗುವುದೇ ಸರಿ. ಅಮೆರಿಕದಲ್ಲಿ ಅರವತ್ತು ದಾಟಿದವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ದಿನಾ ಮಲ್ಟಿವಿಟಮಿನ್ ತಗೊಂಡವರ ನೆನಪಿನ ಶಕ್ತಿ ಸ್ವಲ್ಪ ಚೆನ್ನಾಗಿತ್ತು. ಅದೇ ದೇಶದಲ್ಲಿ ಸುಮಾರು 3.9 ಲಕ್ಷ ಆರೋಗ್ಯವಂತರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2024ರಲ್ಲಿ ಬಂದ ವರದಿ, ಮಲ್ಟಿವಿಟಮಿನ್ ತಗೊಂಡವರು ಜಾಸ್ತಿ ದಿನ ಬದುಕಿದ್ದು ಕಾಣಲಿಲ್ಲ ಅಂತ ಹೇಳಿದೆ. ಚೆನ್ನಾಗಿ ಉಣ್ಣುವ, ಓಡಾಡುವ ಮನುಷ್ಯನಿಗೆ ನಾನು ಮಾರುವುದಿಲ್ಲ. ಸೊಪ್ಪು, ಕಾಳು, ಮೊಟ್ಟೆ ಕೊಳ್ಳಿ ಅನ್ನುತ್ತೇನೆ.

ದುಡ್ಡಿನ ಮಾತೂ ಆಡಬೇಕು. ಚಂದದ ಡಬ್ಬಿಯ ಮಲ್ಟಿವಿಟಮಿನ್‌ಗೆ ತಿಂಗಳಿಗೆ ಕೊಡುವ ದುಡ್ಡಿನಲ್ಲಿ ಜನೌಷಧಿ ಕೇಂದ್ರದಲ್ಲಿ ಐರನ್ ಮತ್ತು ಕ್ಯಾಲ್ಸಿಯಂ ಎರಡೂ ಬಂದು ಇನ್ನೂ ಉಳಿಯುತ್ತದೆ. ಇದನ್ನು ಮೆಡಿಕಲ್ ಶಾಪ್ ಇಟ್ಟುಕೊಂಡವಳೇ ಹೇಳುತ್ತಿದ್ದೇನೆ. ಬಸುರಿಯರಿಗೆ, ಶಾಲೆಯ ಮಕ್ಕಳಿಗೆ ಸರ್ಕಾರವೇ ಐರನ್ ಕೊಡುತ್ತದೆ. ಕಂಪನಿ ಚೆನ್ನಾಗಿಲ್ಲ ಅಂತ ಅದನ್ನು ಬಿಸಾಡಿ ಹೊರಗಿನಿಂದ ತರುವುದು ಬೇಡ. ಐರನ್ ಮಾತ್ರೆ ಯಾವುದೇ ಇರಲಿ, ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ. ಕೆಂಪಗೆ ಪೆಪ್ಪರಮಿಂಟ್ ಥರ ಕಾಣುತ್ತದೆ, ಒಂದು ಶೀಟ್ ತಿಂದರೆ ಮಗುವಿನ ಜೀವಕ್ಕೇ ಅಪಾಯ.

ಕೊನೆಯದು, ಯಾವಾಗ ನಿಲ್ಲಿಸಬೇಕು. ಶುರು ಮಾಡುವ ದಿನವೇ ಇದನ್ನು ಡಾಕ್ಟರ ಹತ್ತಿರ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಐರನ್ ಆದರೆ ಎಚ್‌ಬಿ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸುತ್ತಾರೆ, ದೇಹದ ದಾಸ್ತಾನು ತುಂಬಬೇಕಲ್ಲ. ಆಮೇಲೆ ನಿಲ್ಲಿಸಬೇಕು. ಡಿ ಎಂಟು ವಾರ ಆದ ಮೇಲೆ ತಿಂಗಳಿಗೊಂದಕ್ಕೆ ಇಳಿಯುತ್ತದೆ. ಬಿ12 ಮಾತ್ರ, ಕಾರಣ ಊಟದಲ್ಲೋ ಮೆಟ್‌ಫಾರ್ಮಿನ್‌ನಲ್ಲೋ ಇದ್ದರೆ, ಕಾರಣ ಇರುವ ತನಕ ಸಣ್ಣ ಪ್ರಮಾಣದಲ್ಲಿ ಬೇಕಾಗಬಹುದು. ಎಚ್‌ಬಿ ಮೂರು ತಿಂಗಳಲ್ಲಿ ಏರದೇ ಇದ್ದರೆ ಮಾತ್ರೆ ಬದಲಾಯಿಸುತ್ತಾ ಕೂರಬೇಡಿ. ರಕ್ತ ಎಲ್ಲಿ ಹೋಗುತ್ತಿದೆ, ಮುಟ್ಟಿನಲ್ಲಾ, ಮೂಲವ್ಯಾಧಿಯಲ್ಲಾ, ಹೊಟ್ಟೆ ಹುಳದಿಂದಲಾ, ಕರುಳಿನಲ್ಲಾ, ಅದನ್ನು ಹುಡುಕಿಸಿ.